ಬಾಸೆಲ್ ಮಿಶನ್: ಧರ್ಮಬೋಧೆಯೂ ದುಡಿಮೆಯೂ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕ್ರೈಸ್ತ ನೀತಿಯನ್ನು ಭಾನುವಾರದ ಆರಾಧನೆಗಷ್ಟೇ ಸೀಮಿತಗೊಳಿಸಲು ಒಪ್ಪದವರು. ವ್ಯುರ್ಟೆಂಬರ್ಗಿನ ಪೈಟಿಸ್ಟ್ ಪಂಥದಲ್ಲಿ ಬೆಳೆದ ಇವರಲ್ಲನೇಕರಿಗೆ ದುಡಿಮೆ, ಮಿತವ್ಯಯ, ಪಾನವರ್ಜನೆಗಳು ವಿಶ್ವಾಸದ ಅಂಗಗಳೇ ಆಗಿದ್ದವು. ಕರಾವಳಿಯಲ್ಲಿ ಈ ನಿಲುವು ಬಿಕ್ಕಟ್ಟೊಂದನ್ನು ಹುಟ್ಟಿಸಿತು. ಮತಾಂತರಗೊಂಡವರಲ್ಲಿ ಹಲವರು ಬಿಲ್ಲವರು. ಮೂರ್ತೆಗಾರಿಕೆ ಅವರಲ್ಲನೇಕರ ಕಸುಬು. ಕಳ್ಳು ಇಳಿಸುವುದು ಕ್ರೈಸ್ತನಿಗೆ ತಕ್ಕುದಲ್ಲವೆಂದು ಮಿಶನ್ ಬಗೆದಾಗ ದೀಕ್ಷಾಸ್ನಾನದೊಡನೆ ಅನ್ನದ ದಾರಿಯೂ ಮುಚ್ಚಿತು. ಕುಲದ ಆಸರೆಯೂ ತಪ್ಪಿತು. ಕಸುಬನ್ನು ಬಿಡಿಸಿದವರು ಕಸುಬನ್ನು ಕೊಡಬೇಕಲ್ಲವೆ?

ನೇಯ್ಗೆಯ ಪ್ರಯತ್ನಗಳನ್ನೂ, ಮುದ್ರಣದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗುತ್ತದೆ. ನೇತ್ರಾವತಿಯ ದಡದ ಜೇಡಿಮಣ್ಣು ಅನ್ನವಾಯಿತೆಂಬುದು ನಿಜ. ಆದರೆ ಸಭೆಯ ಶಿಸ್ತನ್ನು ನೋಡಿಕೊಳ್ಳುವ ಸಂಸ್ಥೆಯೇ ಕೂಲಿಯನ್ನೂ ಕೊಡತೊಡಗಿದಾಗ, ಕುಡಿತವು ಪಾಪವೋ ಕಾರ್ಖಾನೆಯ ನಿಯಮಭಂಗವೋ ಎಂಬ ಗೆರೆ ಮಸುಕಾಯಿತು. ಮಿಶನ್ನನ್ನು ಕೊಂಡಾಡುವ ನಮ್ಮ ಬರಹಗಳು ಹೆಂಚಿನ ಗುಣವನ್ನು ವರ್ಣಿಸಿದಷ್ಟು ಈ ಇಕ್ಕಟ್ಟನ್ನು ಗಮನಿಸಿಲ್ಲ. ಒಂದನೆಯ ಮಹಾಯುದ್ಧದ ತರುವಾಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಧಣಿ ಬೇರೆ, ಪಾದ್ರಿ ಬೇರೆಯಾದರು.