ಈ ಜೇನು ಯಾವ ಹೂವಿನದು?

ಲೋಟದ ನೀರಿಗೆ ಒಂದು ಹನಿ ಜೇನುತುಪ್ಪ ಬಿಡು, ಕರಗದೆ ತಳಕ್ಕೆ ಇಳಿದ್ರೆ ಅಸಲಿ ಅಂತ ನಮ್ಮಜ್ಜಿ ಹೇಳೋರು. ನಾನೂ ನಂಬಿದ್ದೆ. ಆದರೆ ಗಟ್ಟಿ ಸಕ್ಕರೆ ಪಾಕವೂ ಹಾಗೇ ಇಳಿಯುತ್ತೆ. ಇನ್ನು ಈ ಜೇನು ಯಾವ ಹೂವಿನದು ಅಂತ ಕೇಳಿದ್ರೆ, ಲೋಟ ಬಾಯೇ ಬಿಡಲ್ಲ. ಇದೇ ಪ್ರಶ್ನೆ ಇಡೀ ನ್ಯೂಜಿಲೆಂಡ್‌ಗೆ ತಲೆನೋವಾಗಿತ್ತು.

ಅಲ್ಲಿ ಮನುಕಾ ಅನ್ನೋ ಕುರುಚಲು ಗಿಡವಿದೆ. ಹೆಸರು ಮಾವೊರಿ ಜನರದ್ದು. ರೈತರು ಅದನ್ನು ಕಳೆ ಅಂತ ಕಡಿದು ಹಾಕ್ತಿದ್ರು. 1980ರ ದಶಕದಲ್ಲಿ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೊಲನ್ ಒಂದು ವಿಚಿತ್ರ ಗಮನಿಸಿದ್ರು. ಸಾಮಾನ್ಯವಾಗಿ ಜೇನು ಬ್ಯಾಕ್ಟೀರಿಯಾ ಕೊಲ್ಲೋದಕ್ಕೆ ಅದರಲ್ಲಿ ಹುಟ್ಟೋ ಹೈಡ್ರೋಜನ್ ಪೆರಾಕ್ಸೈಡ್ ಒಂದು ಮುಖ್ಯ ಕಾರಣ. ಮನುಕಾ ಜೇನಿನಲ್ಲಿ ಅದನ್ನು ತೆಗೆದುಹಾಕಿದರೂ ಶಕ್ತಿ ಉಳಿದಿತ್ತು! ಕಾರಣ ಮೀಥೈಲ್‌ಗ್ಲೈಆಕ್ಸಾಲ್, ಅಂದ್ರೆ ಎಂಜಿಒ ಅಂತ 2008ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹೆನ್ಲೆ ತಂಡ ತೋರಿಸಿತು.

ಬೆಲೆ ಗಗನಕ್ಕೇರಿತು. ಜೊತೆಗೇ ನಕಲಿಯೂ ಬಂತು.

ಹಳೇ ವಿಧಾನ ಅಂದ್ರೆ ಸೂಕ್ಷ್ಮದರ್ಶಕದಲ್ಲಿ ಪರಾಗದ ಕಣ ಎಣಿಸೋದು. ಆದರೆ ಅಲ್ಲೇ ಬೆಳೆಯೋ ಕನುಕಾ ಗಿಡದ ಪರಾಗ ಮನುಕಾದ ಅವಳಿ ಇದ್ದಂಗೆ. ಸರಿ, ಎಂಜಿಒ ಅಳೆದ್ರೆ ಆಯ್ತಲ್ಲ? ಅದೂ ಆಗಲ್ಲ. ಹೂವಿನ ಮಕರಂದದಲ್ಲಿರೋ ಡೈಹೈಡ್ರಾಕ್ಸಿಅಸಿಟೋನ್ ಅನ್ನೋ ವಸ್ತು ಡಬ್ಬಿಯಲ್ಲಿ ಕೂತು ನಿಧಾನವಾಗಿ ಎಂಜಿಒ ಆಗುತ್ತೆ. ಹಾಗಾಗಿ ದಿನ ಕಳೆದಂತೆ ಲೆಕ್ಕ ಬದಲಾಗ್ತಾ ಹೋಗುತ್ತೆ. ಮೇಲಾಗಿ ಎರಡನ್ನೂ ಹೊರಗಿಂದ ತಂದು ಬೆರೆಸಬಹುದು. ಹಾಗೆ ಬೆರೆಸಿದ ಕಂಪನಿಯೊಂದಕ್ಕೆ ಅಲ್ಲಿ ದಂಡವೂ ಬಿತ್ತು.

ಕೊನೆಗೆ ಸರ್ಕಾರವೇ ಮುಂದೆ ಬಂತು. 2018ರ ಫೆಬ್ರವರಿಯಿಂದ ರಫ್ತಾಗೋ ಮನುಕಾ ಜೇನು ಐದು ಗುರುತು ತೋರಿಸಬೇಕು: ನಾಲ್ಕು ರಾಸಾಯನಿಕ, ಜೊತೆಗೆ ಮನುಕಾ ಪರಾಗದ ಡಿಎನ್‌ಎ. ಆ ನಾಲ್ಕರಲ್ಲಿ ಒಂದು 3-ಫಿನೈಲ್‌ಲ್ಯಾಕ್ಟಿಕ್ ಆಮ್ಲ. ಬೇರೆ ಹೂವಿನ ಜೇನು ಹೆಚ್ಚು ಬೆರೆಯದ, ಮುಖ್ಯವಾಗಿ ಮನುಕಾದ್ದೇ ಅನ್ನಿಸಿಕೊಳ್ಳಲು ಕಿಲೋಗೆ ಕನಿಷ್ಠ 400 ಮಿಲಿಗ್ರಾಂ ಇರಬೇಕು. ಒಂದೇ ಗುರುತನ್ನು ನಕಲು ಮಾಡೋದು ಸುಲಭ, ಐದನ್ನೂ ಸರಿಹೊಂದಿಸೋದು ಕಷ್ಟ.

ಗಮನಿಸಿದ್ರಾ? ಆ ಐದರಲ್ಲಿ ಎಂಜಿಒ ಇಲ್ಲ! ಮೊಬೈಲ್‌ನಲ್ಲಿ ಮನುಕಾ ಜೇನು ಹುಡುಕಿದಾಗ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಕಾಣೋದು ಆ ಎಂಜಿಒ ಸಂಖ್ಯೆಯೇ. ಅದು ಹೇಳೋದು ಜೇನಿನ ಶಕ್ತಿಯನ್ನ, ಹೂವಿನ ಹೆಸರನ್ನಲ್ಲ.

ಮುಂದಿನ ಸಲ ಅಂಗಡಿಯಲ್ಲಿ 'ನೇರಳೆ ಹೂವಿನ ಜೇನು' ಅಂತ ಹೆಚ್ಚು ದುಡ್ಡು ಕೇಳಿದ್ರೆ, ನೀವೂ ಒಂದು ಮಾತು ಕೇಳಿ: ನೇರಳೆಯದ್ದೇ ಅನ್ನೋಕೆ ಗುರುತೇನು? ಮತ್ತೆ ಸಿಗೋಣ.