ಕಾರಿಗೆ ಬೇರೆ ಏರ್ ಫಿಲ್ಟರ್ ಹಾಕಿಸ್ತೀರಾ? ಮೊದಲು ಇದನ್ನು ತಿಳಿಯಿರಿ

ದೊಡ್ಡಬೆಳವಂಗಲ: ಕಂಪನಿಯ ಏರ್ ಫಿಲ್ಟರ್ ಡಬ್ಬ ತೆಗೆಸಿ ಕೋನ್ ಫಿಲ್ಟರ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತೆ ಅನ್ನೋ ಮಾತಿದೆ. ಸಾಮಾನ್ಯ ಕಾರಿನಲ್ಲಿ ಜಾಸ್ತಿ ಆಗೋದು ಸದ್ದು ಮಾತ್ರ.

ಬಿಸಿ ಗಾಳಿ: ಕಂಪನಿ ಡಬ್ಬ ಹೊರಗಿನ ತಣ್ಣನೆ ಗಾಳಿ ಎಳೆಯುತ್ತದೆ. ಮರೆ ಇಲ್ಲದ ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಎಂಜಿನ್ ಶಕ್ತಿಯೂ ಕಡಿಮೆ.

ಧೂಳು: ಎಣ್ಣೆ ಹಚ್ಚಿದ ಹತ್ತಿ ಫಿಲ್ಟರ್ ಸಾಮಾನ್ಯವಾಗಿ ಸಣ್ಣ ಧೂಳನ್ನು ಪೇಪರ್ ಫಿಲ್ಟರ್‌ನಷ್ಟು ತಡೆಯುವುದಿಲ್ಲ. ಹೊಲದ ದಾರಿ, ಮಣ್ಣು ರಸ್ತೆಯಲ್ಲಿ ಓಡಾಡುವ ಕಾರಿಗೆ ಇದೇ ದೊಡ್ಡ ನಷ್ಟ. ಒಳಹೋದ ಧೂಳು ಪಿಸ್ಟನ್ ರಿಂಗ್, ಟರ್ಬೊ ಬ್ಲೇಡ್ ಸವೆಸುತ್ತದೆ. ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರ್ ಕೆಡಬಹುದು.

ಕಾನೂನು: ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ವಾಹನದ ಬದಲಾವಣೆಗೆ ಮಿತಿ ಹಾಕಿದೆ. 2019ರ ತಿದ್ದುಪಡಿಯಂತೆ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವಾರಂಟಿ ಕ್ಲೇಮ್‌ಗೂ ತೊಂದರೆ ಆಗಬಹುದು.

ಏನು ಮಾಡಬೇಕು: ಪಿಕಪ್ ಕಡಿಮೆ ಅನ್ನಿಸಿದರೆ ಮೊದಲು ಹಳೇ ಫಿಲ್ಟರ್ ತೆಗೆದು ನೋಡಿ. ಕಪ್ಪಾಗಿದ್ದರೆ ಅದೇ ಅಳತೆಯ ಹೊಸ ಪೇಪರ್ ಫಿಲ್ಟರ್ ಹಾಕಿಸಿ. ನೀರಲ್ಲಿ ತೊಳೆಯಬೇಡಿ. ಡಬ್ಬದ ರಬ್ಬರ್ ಸೀಲ್, ಕ್ಲಿಪ್ ಸರಿಯಾಗಿ ಕೂತಿದೆಯಾ ನೋಡಿಕೊಳ್ಳಿ.