ಟಿವಿ ಆ್ಯಪ್‌ನೊಳಗಿನ ಬೆಂಗಳೂರು

ಬೆಂಗಳೂರಿನ ಟಿವಿ ಉದ್ಯಮದ ಬೇರು ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿದೆ. ಅಲ್ಲಿನ, 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಮುಂದೆ ದೂರದರ್ಶನಕ್ಕೆ ಪ್ರಸಾರ ಯಂತ್ರಗಳನ್ನೂ ಕಪ್ಪು-ಬಿಳುಪು ಟಿವಿಗಳಿಗೆ ಪಿಕ್ಚರ್ ಟ್ಯೂಬ್‌ಗಳನ್ನೂ ತಯಾರಿಸಿತು. 1970ರ ದಶಕದ ಕೊನೆಗೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟತೊಡಗಿತು. 1985ರಲ್ಲಿ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಗರಕ್ಕೆ ಬಂತು. ಅಲ್ಲಿ ಪಳಗಿದ ಎಂಜಿನಿಯರುಗಳು 2001ರಲ್ಲಿ ಇಟ್ಟಿಯಂ ಸಿಸ್ಟಮ್ಸ್ ಕಂಪನಿಯನ್ನು ಆರಂಭಿಸಿದರು. ಅದರ ಕೆಲಸ ಅರಿಯಲು ಟಿವಿ ಆ್ಯಪ್ ಹೇಗೆ ನಡೆಯುತ್ತದೆಂದು ನೋಡಬೇಕು.

ಇಂಟರ್ನೆಟ್ ಟಿವಿಯಲ್ಲಿ ಕಾರ್ಯಕ್ರಮ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಒಡೆದಿದ್ದು, ಪ್ರತಿ ತುಣುಕೂ ಹಲವು ಗುಣಮಟ್ಟಗಳಲ್ಲಿ ಸರ್ವರ್‌ನಲ್ಲಿರುತ್ತದೆ. ಆ್ಯಪಲ್ 2009ರಲ್ಲಿ ಈ ಬಗೆಯ ಎಚ್‌ಎಲ್‌ಎಸ್ ವಿಧಾನವನ್ನು ತಂದಿತು. ಪ್ಲೇಯರ್ ಮೊದಲು ತುಣುಕುಗಳ ಪಟ್ಟಿಯನ್ನು ತರಿಸಿಕೊಳ್ಳುತ್ತದೆ, ನೆಟ್‌ವರ್ಕ್ ವೇಗ ಅಳೆದು ಮುಂದಿನ ತುಣುಕಿನ ಗುಣಮಟ್ಟವನ್ನು ಆರಿಸುತ್ತದೆ, ಒಂದಷ್ಟನ್ನು ಬಫರ್‌ನಲ್ಲಿ ಕೂಡಿಡುತ್ತದೆ. ನೆಟ್ ಕುಂಟಿದಾಗ ಚಿತ್ರ ನಿಲ್ಲುವ ಬದಲು ಮಸುಕಾಗುವುದು ಇದರಿಂದಲೇ.

ಕಷ್ಟದ ಕೆಲಸ ಡಿಕೋಡರ್‌ನದು: ಕುಗ್ಗಿಸಿದ ದತ್ತಾಂಶದಿಂದ ಸೆಕೆಂಡಿಗೆ ಇಪ್ಪತ್ತೈದೋ ಮೂವತ್ತೋ ಚಿತ್ರಗಳನ್ನು ಮರಳಿ ಕಟ್ಟಬೇಕು, ಧ್ವನಿಯೊಡನೆ ಹೊಂದಿಸಬೇಕು. 2013ರಲ್ಲಿ ವಿಡಿಯೊ ಕುಗ್ಗಿಸುವ ಎಚ್.265 ಮಾನದಂಡ ಸಿದ್ಧವಾಯಿತು. ಮರುವರ್ಷದ ಆ್ಯಂಡ್ರಾಯ್ಡ್ 5.0ರಲ್ಲಿ ಅದಕ್ಕೆ ಬಳಕೆಯಾದ ಸಾಫ್ಟ್‌ವೇರ್ ಡಿಕೋಡರ್ ಇಟ್ಟಿಯಂನದು. ಬೆಂಗಳೂರಿನ ತಂತ್ರಜ್ಞಾನ ಚರಿತ್ರೆಯಲ್ಲಿ ಇದಕ್ಕೆ ಇನ್ನೂ ದೊಡ್ಡ ಜಾಗ ಸಿಗಬೇಕು. ಆ ಡಿಕೋಡರ್‌ನ ಮೂಲ ಕೋಡ್ ಮುಕ್ತವಾಗಿದ್ದು, ಯಾರು ಬೇಕಾದರೂ ಓದಬಹುದು.